ಕಾಲು ನಮ್ಮತ್ತೆಯವರ ಸಬ್ಜೆಕ್ಟು

ಅಳಿಯ ಮನೆಗೆ ಬಂದರೆ ಅತ್ತೆಯಾದವರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಕಾಲಿಗೆ ನೀರು ಕೊಡುವುದೇನು, ತುಪ್ಪ ಬಡಿಸುವುದೇನು, "ಇನ್ನೊಂದು ಹೋಳಿಗೆ ಹಾಕಿಸ್ಕಳ್ರಿ" ಎಂದು ಬಾಗಿಲ ಮರೆಯಿಂದ ಒತ್ತಾಯ ಮಾಡುವುದೇನು! ಈ ಸುಖವನ್ನು ನನ್ನ ಗೆಳೆಯರೆಲ್ಲ ಉಂಡು ತೇಗಿದ್ದಾರೆ. ನನ್ನ ಹಣೆಬರಹ ಬೇರೆ. ನಮ್ಮ ಮನೆಯಲ್ಲಿ ಅತ್ತೆ ಒಳಗೆ ಬಂದರೆ ನಾನು ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಲ್ಲುತ್ತೇನೆ. ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ, ಅಂದರೆ ಹೋಗಲು ಪ್ರಯತ್ನಿಸುತ್ತದೆ. ಕೈಗಳು ತೊಡೆಯ ಪಕ್ಕಕ್ಕೆ ಅಂಟಿಕೊಳ್ಳುತ್ತವೆ. ನಲವತ್ತು ದಾಟಿದ, ಚನ್ನಗಿರಿಯ ಪೇಟೆಯಲ್ಲಿ ಸ್ವಂತ ಬಟ್ಟೆ ಅಂಗಡಿ ಇಟ್ಟುಕೊಂಡು ಗಿರಾಕಿಗಳ ಬಾಯಲ್ಲಿ 'ಸಾವ್ಕಾರ್ರೆ' ಅನ್ನಿಸಿಕೊಳ್ಳುವ ಮನುಷ್ಯ ಹೀಗೆಲ್ಲ ಮಾಡಬಾರದು ಎಂದು ನನಗೂ ಗೊತ್ತು. ಆದರೆ ಏನು ಮಾಡಲಿ? ಗಿರಿಜಮ್ಮನವರು ನನಗೆ ಅತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲು, ಜಗಳೂರಿನ ಹೈಸ್ಕೂಲಿನಲ್ಲಿ ನನಗೆ ಪಿ.ಟಿ. ಮೇಡಂ ಆಗಿದ್ದರು.

ಆ ದಿನಗಳ ಬಗ್ಗೆ ಹೆಚ್ಚು ಹೇಳುವುದು ನನಗೆ ಶೋಭೆಯಲ್ಲ. ಜಗಳೂರಿನ ಬಿಸಿಲು ಎಂಥದ್ದೆಂದು ಬಲ್ಲವರು ಬಲ್ಲರು. ಆ ಬಿಸಿಲಲ್ಲಿ ಬಿಳಿ ಸೀರೆಯನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಮೈದಾನದ ನಡುವೆ ನಿಂತ ಗಿರಿಜಮ್ಮ ಮೇಡಂ "ಓಡು!" ಅಂದರೆ ಹುಡುಗರಿರಲಿ, ಬೇಲಿಯ ಆಚೆ ಮೇಯುತ್ತಿದ್ದ ಎಮ್ಮೆಗಳೂ ಒಂದು ಮಾರು ಆಚೆ ಹೋಗುತ್ತಿದ್ದವು. ಓಡದೆ ಉಳಿಯುತ್ತಿದ್ದವನು ನಾನೊಬ್ಬನೆ. ಆಟದ ಪೀರಿಯಡ್ ಬಂತೆಂದರೆ ನನಗೆ ಹೊಟ್ಟೆನೋವು. ಎಷ್ಟು ನಿಯತ್ತಿನ ಹೊಟ್ಟೆನೋವೆಂದರೆ, ಗಂಟೆ ಹೊಡೆಯುವವನು ಮರೆತರೂ ನನ್ನ ಹೊಟ್ಟೆ ಮರೆಯುತ್ತಿರಲಿಲ್ಲ. ಮುಂದೆ ನಾನು ವ್ಯಾಪಾರಕ್ಕೆಂದು ಚನ್ನಗಿರಿಗೆ ಬಂದು, ಹಿರಿಯರು ಹೆಣ್ಣು ಗೊತ್ತುಮಾಡಿ, ಹೊನ್ನಾಳಿಗೆ ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹೆಣ್ಣಿನ ತಾಯಿ ಇದೇ ಮೇಡಂ! ನಾನು ಕುರ್ಚಿಯಿಂದ ಚಂಗನೆ ಎದ್ದು ನಿಂತೆ. ನಮ್ಮಪ್ಪ ನನ್ನ ಪ್ಯಾಂಟು ಹಿಡಿದು ಎಳೆಯುತ್ತ "ಕುತ್ಕಳಲೇ" ಎಂದು ಪಿಸುಗುಟ್ಟಿದರೂ ಕೂರಲಾಗಲಿಲ್ಲ. ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೊಟ್ರೇಶ ಅಲ್ಲೇನೋ? ಹೊಟ್ಟೆನೋವು ಈಗ ಹೆಂಗೈತೆ?" ಅಂದರು. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಹಾಗೆ ನಕ್ಕವಳೇ ನನ್ನ ಹೆಂಡತಿ ಸುಧಾ. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಮದುವೆಯ ಮಂಟಪದಲ್ಲೇ.

ಅಂದಿನಿಂದ "ಅತ್ತೆ ಅನ್ರೀ, ಮೇಡಂ ಅಂದ್ರೆ ಜನ ನಗ್ತಾರೆ" ಎಂದು ಸುಧಾ ಹೇಳುತ್ತಲೇ ಬಂದಿದ್ದಾಳೆ. ನನ್ನ ನಾಲಿಗೆ ಹೊರಳುವುದಿಲ್ಲ. ಅತ್ತೆಯವರದೂ ಅದೇ ಪಾಡು. ನಾಲ್ಕು ಜನರ ಎದುರಿಗೆ "ಬರ್ರಿ, ಕುತ್ಕಳ್ರಿ" ಎಂದು ಬಹುವಚನದಲ್ಲಿ ಮರ್ಯಾದೆ ಮಾಡುತ್ತಾರೆ. ಜನ ಎದ್ದು ಹೋದ ಮೇಲೆ "ಏ ಕೊಟ್ರೇಶ, ಬೆನ್ನು ನೆಟ್ಟಗೆ ಮಾಡು." ಅವರ ಹಳೆಯ ಶಿಷ್ಯೆಯರು ಇಲ್ಲದ ಊರೇ ಈ ಕಡೆ ಇಲ್ಲ. ಜಗಳೂರಲ್ಲಿ ಕೆಲಸಕ್ಕೆ ಸೇರಿ, ಹೊನ್ನಾಳಿಯಲ್ಲಿ ಬಹಳ ಕಾಲ ಇದ್ದು, ನ್ಯಾಮತಿಯಲ್ಲಿ ನಿವೃತ್ತರಾದವರು. ಅವರ ಜೊತೆ ಸಂತೆಗೆ ಹೋದರೆ, ಬದನೆಕಾಯಿ ಆರಿಸುತ್ತಿದ್ದ ಗೃಹಿಣಿಯರು ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ಒಮ್ಮೆ ಹೊನ್ನಾಳಿಯ ವೃತ್ತದಲ್ಲಿ ನನ್ನ ಸ್ಕೂಟರನ್ನು ಅಡ್ಡಗಟ್ಟಿದ ಮಹಿಳಾ ಪೊಲೀಸರು ಹಿಂದೆ ಕೂತವರನ್ನು ನೋಡಿದ್ದೇ ಹೆಲ್ಮೆಟ್ಟಿನ ವಿಚಾರ ಮರೆತು ಕಾಲು ಜೋಡಿಸಿದರು. ಮರೆಯದವರು ನಮ್ಮತ್ತೆ. "ಹೆಲ್ಮೆಟ್ ಇಲ್ಲ, ದಂಡ ಹಾಕವ್ವ ಇವನಿಗೆ" ಎಂದು ಹಾಕಿಸಿಯೇ ಮುಂದೆ ಹೊರಟರು.

ಇಷ್ಟು ಹೊತ್ತು ನಗುತ್ತ ಹೇಳಿದೆ. ಇನ್ನು ಹೇಳುವುದನ್ನು ನಗುತ್ತ ಹೇಳಲು ನಾನು ಕೆಲವು ವರ್ಷ ಕಾಯಬೇಕಾಯಿತು. ನಮಗೆ ಬಹಳ ತಡವಾಗಿ ಮಗಳು ಹುಟ್ಟಿದಳು. ತುಂಬ ಅವಸರ ಮಾಡಿಕೊಂಡು, ತಿಂಗಳು ತುಂಬುವ ಮೊದಲೇ ಹುಟ್ಟಿದಳು. ನಿಧಿ ಎಂದು ಹೆಸರಿಟ್ಟೆವು. ನಗುವುದು, ಗುರುತು ಹಿಡಿಯುವುದು ಎಲ್ಲ ಸರಿಯಾಗಿಯೇ ಬಂತು. ಕೂರುವ ವಯಸ್ಸಿಗೆ ಕೂರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು ನಿಧಾನವಾಗಿ, ಒಳ್ಳೆಯ ಮಾತಿನಲ್ಲಿ ಹೇಳಿದರು. ಸ್ನಾಯುಗಳು ಬಿಗಿಯಾಗಿವೆ, ಬಲಗಾಲು ಹೆಚ್ಚು. ದಿನವೂ ವ್ಯಾಯಾಮ ಮಾಡಿಸಬೇಕು. ನಡೆಯಬಹುದು, ತಡವಾಗಬಹುದು, ಎಷ್ಟರಮಟ್ಟಿಗೆ ಎಂದು ಈಗಲೇ ಹೇಳಲಾಗುವುದಿಲ್ಲ. ಆ 'ಬಹುದು'ಗಳನ್ನು ಹೊತ್ತುಕೊಂಡು ಮನೆಗೆ ಬಂದ ನಾವಿಬ್ಬರೂ ಒಲೆ ಹಚ್ಚದೆ ಒಂದೊಂದು ಗೋಡೆಗೆ ಒರಗಿ ಕೂತೆವು. ಸುಧಾ ನ್ಯಾಮತಿಯಲ್ಲಿದ್ದ ತಾಯಿಗೆ ಫೋನು ಮಾಡಿ, ಅಳುತ್ತಲೇ ವಿಷಯ ತಿಳಿಸಿದ್ದಳು.

ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದಿಳಿದರು. ನಿವೃತ್ತಿಯಾಗಿ ಆಗಷ್ಟೇ ಆರಾಮಾಗಿದ್ದವರು. ಹೆಗಲಿಗೆ ಆಟದ ಸಾಮಾನಿನ ಹಳೆಯ ಚೀಲ. ನಾನು ಅಳು ತಡೆದುಕೊಳ್ಳಲು ಅಟೆನ್ಶನ್ನಿನಲ್ಲಿ ನಿಂತಿದ್ದೆ. ಅವರು ಸೀದಾ ಹೋಗಿ ಚಾಪೆಯ ಮೇಲಿದ್ದ ಮಗುವಿನ ಪಕ್ಕ ಕೂತು, ಅದರ ಪಾದವನ್ನು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ ನೋಡಿದರು. ಸುಧಾ "ಅವ್ವಾ..." ಎಂದು ಶುರುಮಾಡುವಷ್ಟರಲ್ಲಿ ಕೈಯೆತ್ತಿ ತಡೆದರು.

"ಅಳಾಕೆ ಏನಾಗೈತೆ? ಕಾಲು ತಾನೆ? ಲೆಕ್ಕ, ವಿಜ್ಞಾನ ಆಗಿದ್ರೆ ನಾನೂ ಹೆದರ್ತಿದ್ದೆ. ಕಾಲು ನನ್ನ ಸಬ್ಜೆಕ್ಟು."

ಆಮೇಲೆ ನ್ಯಾಮತಿಯ ಮನೆಗೆ ಬೀಗ ಹಾಕಿದವರು ತೆಗೆಯಲಿಲ್ಲ.

ಸಬ್ಜೆಕ್ಟು ತಮ್ಮದೆಂದು ಅವರು ತಾವೇ ಕಂಡ ದಾರಿ ಹಿಡಿಯಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಒಬ್ಬ ಹುಡುಗಿಯಿದ್ದಳು, ಅತ್ತೆಯ ಅರ್ಧ ವಯಸ್ಸೂ ಇಲ್ಲ. ಅವಳ ಮುಂದೆ ನಮ್ಮತ್ತೆ ಮೊದಲ ಬೆಂಚಿನ ವಿದ್ಯಾರ್ಥಿನಿಯಂತೆ ಕೂತರು. "ಮೇಡಂ, ಇದನ್ನ ಇನ್ನೊಂದು ಸಲ ತೋರಿಸ್ರಿ. ಎಷ್ಟು ಬಿಗಿ ಹಿಡೀಬೇಕು? ಮಗು ಅತ್ರೆ ಬಿಡಬೇಕಾ, ಹಿಡೀಬೇಕಾ?" ಅತ್ತೆ ಇನ್ನೊಬ್ಬರನ್ನು ಮೇಡಂ ಎನ್ನುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು ಅಲ್ಲೇ. ಕಲಿತದ್ದನ್ನು ಮಗುವಿನ ಮೇಲೆ ಮಾಡುವ ಮೊದಲು ಕೈಗೆ ಅಭ್ಯಾಸವಾಗಬೇಕಲ್ಲ, ಅದಕ್ಕೆ ಒಂದು ಕಾಲು ಬೇಕಿತ್ತು. ಮನೆಯಲ್ಲಿ ಬಿಡುವಾಗಿದ್ದ ಕಾಲು ನನ್ನದು. ಅಂಗಡಿಯ ಗಾದಿಯ ಮೇಲೆ ಮಡಚಿಕೊಂಡು ಕೂತೂ ಕೂತೂ ಆ ಕಾಲು ಹಲಗೆಯಾಗಿತ್ತು. ಅತ್ತೆ ನನ್ನ ಮೀನಖಂಡ ಹಿಡಿದು ಪಾದವನ್ನು ಮೊಣಕಾಲ ಕಡೆಗೆ ಒತ್ತಿದರೆ ನಾನು ಹಾಕುತ್ತಿದ್ದ ಕೂಗಿಗೆ ಪಕ್ಕದ ಮನೆಯವರು ಮೊದಲೆರಡು ದಿನ ಓಡಿ ಬಂದರು, ಆಮೇಲೆ ಟಿವಿಯ ಸದ್ದು ಜೋರು ಮಾಡಿಕೊಂಡರು. "ನೋಡ್ದೇನೇ ಸುಧಾ, ಮಗೂಗಿಂತ ಇವನದೇ ಬಿಗಿ ಐತೆ" ಎಂದು ಅತ್ತೆ ಬಹಳ ಕಾಳಜಿಯಿಂದ ಹೇಳುತ್ತಿದ್ದರು.

ತೊಂದರೆ ಬಂದದ್ದು ಮಗಳು ಸ್ವಲ್ಪ ದೊಡ್ಡವಳಾಗಿ ಬುದ್ಧಿ ತಿಳಿದ ಮೇಲೆ. ಬೆಳಗಾದರೆ ಚಾಪೆ ಕಂಡು ಅಳುತ್ತಿದ್ದಳು. ಪಾಪ, ನೋವಾಗುತ್ತಿತ್ತು. ಒಂದು ದಿನ ಮುದ್ದೆಯಾಗಿ ಮೂಲೆಯಲ್ಲಿ ಕೂತು, "ನಂಗೊಬ್ಬಳಿಗೇ ಯಾಕೆ?" ಎಂದು ಕೇಳಿದಳು. ಸುಧಾ ಅಡುಗೆಮನೆಗೆ ಹೋಗಿಬಿಟ್ಟಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಅತ್ತೆ ಮಾತ್ರ, ತರಗತಿಯಲ್ಲಿ ಯಾರೋ ಬಹಳ ಒಳ್ಳೆಯ ಪ್ರಶ್ನೆ ಕೇಳಿದ ಹಾಗೆ, ತಲೆದೂಗಿದರು.

"ಅದು ಕೇಳೋದು ಸರಿ ಐತೆ. ಒಬ್ಬಳಿಗೇ ಮಾಡಿಸಿದ್ರೆ ಅದು ಶಿಕ್ಷೆ. ಎಲ್ಲಾರೂ ಮಾಡಿದ್ರೆ ಆಟ. ನಾಳೆಯಿಂದ ಎಲ್ಲಾರೂ ಮಾಡೋದು."

"ಎಲ್ಲಾರೂ ಅಂದ್ರೆ?" ಎಂದು ನಾನು ಪೇಪರಿನ ಹಿಂದಿನಿಂದ ಕೇಳಿದೆ.

"ನೀನು ಎಲ್ಲಾರಲ್ಲಿ ಒಬ್ಬ ಅಲ್ಲೇನು?"

ಹೀಗೆ ನಮ್ಮ ತಾರಸಿಯ ಮೇಲೆ ದಿನಾ ಬೆಳಗ್ಗೆ ಕವಾಯತು ಆರಂಭವಾಯಿತು. ಅಂಚೆ ಕಚೇರಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಸುಧಾ ನೈಟಿಯ ಮೇಲೆ ದುಪಟ್ಟಾ ಹೊದ್ದು ಬರುತ್ತಿದ್ದಳು. ನಾನು ಲುಂಗಿಯಲ್ಲಿ ಹೋಗಿ, ಮೊದಲ ದಿನದ ಒಂದು ಅಚಾತುರ್ಯದ ನಂತರ ಪ್ಯಾಂಟಿಗೆ ಬದಲಾದೆ. ಮಗಳಿಗೆ ಏನೇನು ವ್ಯಾಯಾಮವೋ ನಮಗೂ ಅದದೇ. ಅವಳು ಗೋಡೆ ಹಿಡಿದು ನಿಂತರೆ ನಾವೂ ಗೋಡೆ ಹಿಡಿದು ನಿಲ್ಲಬೇಕು, ಅವಳು ತೆವಳಿದರೆ ನಾವೂ ತೆವಳಬೇಕು. ನಾನು ಸೋತು ಬೋರಲು ಬಿದ್ದರೆ ನಿಧಿಗೆ ಎಲ್ಲಿಲ್ಲದ ನಗು. "ಅಪ್ಪನಿಗೆ ಬರಲ್ಲ! ಅಪ್ಪನಿಗೆ ಬರಲ್ಲ!" ಎಂದು ಚಪ್ಪಾಳೆ ತಟ್ಟುತ್ತ, ನನಗೆ ತೋರಿಸಿಕೊಡಲೆಂದೇ ಇನ್ನೊಂದು ಸಲ ಮಾಡುತ್ತಿದ್ದಳು. ಬಹಳ ದಿನಗಳ ಮೇಲೆ ನನಗೆ ಹೊಳೆಯಿತು, ಅತ್ತೆಗೆ ಬೇಕಾದದ್ದು ಈ 'ಇನ್ನೊಂದು ಸಲ'. ನನ್ನ ಸೋಮಾರಿತನವನ್ನು ಇಷ್ಟು ಉಪಯೋಗಕ್ಕೆ ಹಚ್ಚಿದವರು ಅದುವರೆಗೆ ಯಾರೂ ಇರಲಿಲ್ಲ. ಪಕ್ಕದ ತಾರಸಿಗೆ ಹಪ್ಪಳ ಹಾಕಲು ಬಂದ ಹೆಂಗಸರೂ ನೋಡಿ ನೋಡಿ, ಸೊಂಟನೋವು ಮಂಡಿನೋವು ಎನ್ನುತ್ತ ಅಲ್ಲಿಂದಲೇ ಕೈಕಾಲು ಎತ್ತತೊಡಗಿದರು.

ಎಲ್ಲವೂ ಆಟವೇ ಆಗಿತ್ತೆಂದರೆ ಸುಳ್ಳಾಗುತ್ತದೆ. ಮೂರು ತುಂಬಿದರೂ ಮಗಳು ಆಸರೆ ಬಿಟ್ಟು ನಿಲ್ಲಲಿಲ್ಲ. ತ್ಯಾವಣಿಗೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಒಬ್ಬ ಹಿರಿಯ ಹೆಂಗಸು ಪಂಕ್ತಿಯ ನಡುವೆಯೇ, "ಅಯ್ಯೋ, ಹೆಣ್ಣುಮಗು, ಕಾಲು ಸೊಟ್ಟ ಆತಲ್ಲ. ಮುಂದೆ ಹೆಂಗವ್ವ?" ಎಂದು ಲೊಚಗುಟ್ಟಿದರು. ಅತ್ತೆ ನಿಧಿಯನ್ನು ಎತ್ತಿಕೊಂಡು ಹೋಗಿ ಆಕೆಯ ಎದುರಿಗೇ ಕೂರಿಸಿದರು. "ಹೌದ್ರಿ, ಸೊಟ್ಟ ಐತೆ. ಚೆನ್ನಾಗಿ ನೋಡ್ಕಳ್ರಿ. ಮುಂದೆ ಇವಳು ನಡ್ಕಂಡು ನಿಮ್ಮನೆಗೆ ಬಂದಾಗ ಗುರುತು ಸಿಗಬೇಕಲ್ಲ." ಆಕೆ ಪಾಯಸದ ಕಡೆ ಮುಖ ತಿರುಗಿಸಿದರು. ನನಗೆ ಒಳಗೊಳಗೇ ಜಯಘೋಷ ಮಾಡುವ ಹಾಗಾಯಿತು. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತ, ತೊಡೆಯ ಮೇಲೆ ಮಲಗಿದ್ದ ಮಗುವಿನ ಪಾದವನ್ನು ಸವರುತ್ತ, ತಟ್ಟನೆ ಕೇಳಿದರು: "ಕೊಟ್ರೇಶ, ನಾನು ಮಾಡ್ತಿರೋದು ಸರಿ ಐತೇನಪ್ಪ? ಸುಮ್ನೆ ಕೂಸಿಗೆ ನೋವು ಕೊಡ್ತಿದೀನೇನೋ ಅನ್ಸುತ್ತೆ." ನನಗೆ ಭೂಮಿ ಅಲುಗಾಡಿದ ಹಾಗಾಯಿತು. ಅಷ್ಟು ವರ್ಷಗಳಲ್ಲಿ ಅವರು ನನಗೆ ಆಜ್ಞೆ ಕೊಟ್ಟಿದ್ದರೇ ಹೊರತು ಅಭಿಪ್ರಾಯ ಕೇಳಿರಲಿಲ್ಲ. ಓಡುವ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದು ನಿಂತು, "ಸರಿ ಐತೆ ಮೇಡಂ" ಅಂದೆ. "ಕುತ್ಕಳೋ, ಬಿದ್ದೀಯ" ಅಂದರು. ಮರುದಿನ ಬೆಳಗ್ಗೆ ಎಂದಿನಂತೆ ತಾರಸಿಯ ಮೇಲೆ ಚಾಪೆ ಹಾಸಿತ್ತು.

ಅದಾಗಿ ಕೆಲವು ತಿಂಗಳಿಗೆ ಸವಳಂಗದಲ್ಲಿರುವ ಅತ್ತೆಯ ತಮ್ಮನ ಮನೆಗೆ ಹೋಗಿದ್ದೆವು. ಸುಧಾಗೆ ರಜೆ ಸಿಗದೆ ನಾವು ಮೂವರೇ ಹೋಗಿದ್ದು. ವಾಪಸು ಬರಲು ಹೊನ್ನಾಳಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ನಿಧಿ ನಿಲ್ದಾಣದ ಕಬ್ಬಿಣದ ಕಂಬ ತಬ್ಬಿಕೊಂಡು ನಿಂತಿದ್ದಳು. ಎದುರಿಗೆ ಒಂದು ಮೇಕೆಮರಿ ಬಾಳೆಹಣ್ಣಿನ ಸಿಪ್ಪೆಯನ್ನು ಎಳೆದಾಡುತ್ತಿತ್ತು. ನಾನು ಶೇಂಗಾ ಕೊಳ್ಳಲು ತಿರುಗಿದವನು ಮತ್ತೆ ಈ ಕಡೆ ನೋಡುತ್ತೇನೆ, ಕಂಬದ ಹತ್ತಿರ ಮಗಳಿಲ್ಲ! ಕಂಬಕ್ಕೂ ಮೇಕೆಗೂ ನಡುವೆ, ಏನನ್ನೂ ಹಿಡಿಯದೆ, ಎರಡು ಕೈಗಳನ್ನೂ ಹಕ್ಕಿಯ ಹಾಗೆ ಅಗಲಿಸಿಕೊಂಡು ನಿಂತಿದ್ದಾಳೆ. ಬಲಗಾಲನ್ನು ಎಳೆದು ಮುಂದಿಟ್ಟಳು. ವಾಲಿದಳು, ಬೀಳಲಿಲ್ಲ. ಎಡಗಾಲು ಇಟ್ಟಳು. ನಾನು ಕೂಗಿ ಓಡಲು ಬಾಯಿ ತೆರೆದೆ, ಅತ್ತೆ ನನ್ನ ಮುಂಗೈ ಹಿಡಿದರು. ಮೈದಾನದ ಆ ತುದಿಗೆ ಕೇಳುವಂತೆ ಜೀವನವಿಡೀ ಕೂಗಿದ ಆ ಹೆಂಗಸು ಇನ್ನೊಂದು ಕೈಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಿದ್ದರು. ಸದ್ದಾದರೆ ಮಗು ಬೆದರೀತು ಎಂದು.

ಅಷ್ಟರಲ್ಲಿ ಬಸ್ಸು ಬಂತು, ಸದ್ದಿನ ಸಮೇತ. ಹಾರ್ನು, ಧೂಳು, "ನ್ಯಾಮತಿ, ಹೊನ್ನಾಳಿ, ಹತ್ರಿ ಹತ್ರಿ" ಎನ್ನುವ ಕಂಡಕ್ಟರು. ಅತ್ತೆ ನನ್ನ ಕೈ ಬಿಟ್ಟು, ರಸ್ತೆಗಿಳಿದು, ಬಸ್ಸಿನ ಮೂತಿಗೆ ಅಂಗೈ ಅಡ್ಡ ಹಿಡಿದರು. ಡ್ರೈವರು ಗಕ್ಕನೆ ಬ್ರೇಕು ಹಾಕಿದ. "ಏನಮ್ಮಾ, ಸಾಯಾಕೆ ಬಂದೀಯಾ?" ಎಂದು ಕಂಡಕ್ಟರು ಫುಟ್‌ಬೋರ್ಡಿನಿಂದ ಹಾರಿದ.

"ಇಂಜಿನ್ ಆಫ್ ಮಾಡ್ರಪ್ಪ," ಅತ್ತೆ ಮೆಲ್ಲಗೆ ಅಂದರು. ಅವರಿಗೆ ಅಷ್ಟು ಮೆತ್ತಗಿನ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಮಗು ನಡೀತಾ ಐತೆ."

ಕಂಡಕ್ಟರು ತಿರುಗಿ ನೋಡಿದ. ಏನು ತಿಳಿಯಿತೋ, ಕೈಯಾಡಿಸಿ ಇಂಜಿನ್ ನಿಲ್ಲಿಸಲು ಹೇಳಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಅಷ್ಟು ಜನರ ಬಸ್ಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಮಗಳು ಯಾರನ್ನೂ ಗಮನಿಸದೆ, ಮೇಕೆಯನ್ನಷ್ಟೇ ನೋಡುತ್ತ, ವಾಲುತ್ತ, ನಿಲ್ಲುತ್ತ, ಮತ್ತೆ ವಾಲುತ್ತ ಹೋಗಿ ಅದರ ಕಿವಿ ಹಿಡಿದುಕೊಂಡಳು. ಮೇಕೆಮರಿ 'ಮ್ಯಾ' ಅಂದಿತು. ಆಗ ಬಸ್ಸಿಗೆ ಬಸ್ಸೇ ಹೋ ಎಂದು ಕೂಗಿತು. ಅತ್ತೆ ರಸ್ತೆಯ ನಡುವೆ ಹಾಗೆಯೇ ಕುಕ್ಕರುಗಾಲಲ್ಲಿ ಕೂತು ಅತ್ತರು. ನಾನು ಆಗಲೇ ಅಳುತ್ತಿದ್ದೆ, ಶೇಂಗಾ ಪೊಟ್ಟಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಸ್ಸಿನಲ್ಲಿ ನಮಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಹೊನ್ನಾಳಿಯವರೆಗೂ ಕಂಡಕ್ಟರು ಹತ್ತಿದವರಿಗೆಲ್ಲ, ತನ್ನ ಮನೆಯ ಸುದ್ದಿ ಎನ್ನುವಂತೆ, ಮೊದಲಿನಿಂದ ಹೇಳುತ್ತ ಬಂದ.

ನಡೆದಳು ಎಂದ ಮಾತ್ರಕ್ಕೆ ಎಲ್ಲ ನೆಟ್ಟಗಾಯಿತು ಎಂದಲ್ಲ. ಬಲಗಾಲು ಈಗಲೂ ಎಳೆಯುತ್ತದೆ. ಬಹುಶಃ ಎಳೆಯುತ್ತಲೇ ಇರುತ್ತದೆ. ಈಗ ನಿಧಿ ಎರಡನೇ ಕ್ಲಾಸು. ಕಳೆದ ಚಳಿಗಾಲದಲ್ಲಿ ಶಾಲೆಯ ಕ್ರೀಡಾದಿನ ಬಂತು. ಅವಳ ಟೀಚರು ಒಳ್ಳೆಯ ಮನಸ್ಸಿನಿಂದಲೇ, "ನಿಧಿ ನಮ್ಮ ಜೊತೆ ಕೂತು ಬಹುಮಾನ ಜೋಡಿಸಿಕೊಡಲಿ" ಎಂದು ಹೇಳಿ ಕಳಿಸಿದ್ದರು. ಇವಳು ಓಡುತ್ತೇನೆ ಎಂದು ಹಟ ಹಿಡಿದಳು. ಸುಧಾಗೆ ಸಂಕಟ, ನನಗೆ ಅದಕ್ಕಿಂತ ಹೆಚ್ಚು. ಅತ್ತೆ ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಓಡಬೌದು. ಆದ್ರೆ ನೀನು ಕೊನೆಗೆ ಬರ್ತೀಯ. ಗೊತ್ತಾ?"

ಎಂಥ ಮಾತು! ನಾನು ಬಾಯಿ ಹಾಕಲು ಹೋದೆ. ನಿಧಿ ಯೋಚಿಸಿ ಕೇಳಿದಳು, "ಕೊನೆಗೆ ಬಂದ್ರೂ, ಗೆರೆ ಹತ್ರ ಹಿಡೀತಾರಲ್ಲ, ಆ ಹಗ್ಗ ಮುಟ್ಟಬೌದಾ ಅಜ್ಜಿ?"

"ಮುಟ್ಟಬೌದು."

"ಹಂಗಾದ್ರೆ ಓಡ್ತೀನಿ."

ಓಟ ಶುರುವಾದಾಗ ನಾನು ಅತ್ತೆಯ ಜೊತೆ, ಓಟ ಮುಗಿಯುವ ಗೆರೆಯ ಪಕ್ಕದಲ್ಲಿ, ಪೋಷಕರಿಗೆಂದು ಹಾಕಿದ ಕುರ್ಚಿಯಲ್ಲಿ ಕೂತಿದ್ದೆ. ಮಕ್ಕಳು ದುಡುದುಡು ಓಡಿ ಬಂದರು. ಮೊದಲು ಬಂದವನು ಎದೆಗೆ ಹಗ್ಗ ತಾಗಿಸಿಕೊಂಡು ಹೋದ. ಹಗ್ಗ ಹಿಡಿದಿದ್ದ ಇಬ್ಬರು ಮೇಷ್ಟ್ರು, ತಮ್ಮ ಕೆಲಸ ಮುಗಿಯಿತೆಂದು ಅದನ್ನು ನೆಲಕ್ಕೆ ಬಿಟ್ಟು ಗೆದ್ದವರ ಹೆಸರು ಬರೆದುಕೊಳ್ಳಲು ಆ ಕಡೆ ಹೋದರು. ನಿಧಿ ಇನ್ನೂ ಅರ್ಧದಾರಿಯಲ್ಲಿದ್ದಳು. ಕಾಲು ಎಳೆಯುತ್ತ, ಬಾಯಿ ಬಿಗಿದುಕೊಂಡು, ಕಣ್ಣು ಹಗ್ಗವಿದ್ದ ಜಾಗದ ಮೇಲೆ. ಅಲ್ಲಿ ಹಗ್ಗ ಇಲ್ಲ! ಅವಳ ನಡೆ ತಡವರಿಸಿತು. ಅತ್ತೆ ಆಗಲೇ ನೆಲದಿಂದ ಒಂದು ತುದಿ ಎತ್ತಿಕೊಂಡಿದ್ದರು. ಇನ್ನೊಂದು ತುದಿ ಮೈದಾನದ ಆ ಪಕ್ಕದಲ್ಲಿ ಬಿದ್ದಿತ್ತು.

"ಕೊಟ್ರೇಶಾ! ಓಡು!"

ಆ ಕೂಗನ್ನು ನಾನು ಜಗಳೂರಿನಲ್ಲಿ ಎಷ್ಟು ಸಲ ಕೇಳಿಲ್ಲ! ಈ ಸಲ ಹೊಟ್ಟೆ ಏನೂ ಹೇಳಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು, ಚಪ್ಪಲಿ ಒಂದು ಎಲ್ಲೋ ಹೋಯಿತು. ಚನ್ನಗಿರಿಯ ಅರ್ಧ ಪೇಟೆ ನೋಡುತ್ತಿರುವಾಗಲೇ ಹೊಟ್ಟೆ ಕುಣಿಸಿಕೊಂಡು ಓಡಿದೆ. ತುದಿ ಎತ್ತಿ ಬಿಗಿ ಹಿಡಿದೆ. ಏದುಸಿರಿಗೆ ಹಗ್ಗ ತುಯ್ದಾಡುತ್ತಿತ್ತು. "ಅಲುಗಾಡಿಸಬ್ಯಾಡ!" ಎಂದು ಆ ಕಡೆಯಿಂದ ಆಜ್ಞೆ ಬಂತು. ನಿಧಿ ಹಗ್ಗವನ್ನು ಕಂಡಳು. ಮುಖ ಅರಳಿತು. ಎಳೆಯುವ ಕಾಲನ್ನು ಎಳೆದುಕೊಂಡೇ ಬಂದು, ಹಗ್ಗವನ್ನು ಎದೆಯಿಂದ ದೂಡಿ, ಅಜ್ಜಿಯ ಸೊಂಟಕ್ಕೆ ಡಿಕ್ಕಿ ಹೊಡೆದು ನಿಂತಳು. ಅತ್ತೆ ಅವಳನ್ನು ಎತ್ತಿಕೊಳ್ಳಲಿಲ್ಲ, ಮುದ್ದಾಡಲಿಲ್ಲ. ಬಗ್ಗಿ, ಗೆದ್ದ ಆಟಗಾರ್ತಿಗೆ ಕೊಡುವ ಹಾಗೆ ಕೈ ಕುಲುಕಿದರು.

ಆ ಸಂಜೆ ನಿಧಿ ಬೀದಿಯಲ್ಲೆಲ್ಲ ಸಾರಿಕೊಂಡು ಬಂದದ್ದು ತಾನು ಓಡಿದ ಸುದ್ದಿಯನ್ನಲ್ಲ. "ನಮ್ಮಪ್ಪ ಓಡಿದ್ರು, ನಿಜವಾಗ್ಲೂ ಓಡಿದ್ರು" ಎಂದು. ಕೆಲವರು ನಂಬದೆ ಮನೆಗೇ ಬಂದು ವಿಚಾರಿಸಿದರು. ಮಾರನೆಯ ದಿನ ನನ್ನ ತೊಡೆ, ಮೀನಖಂಡ ಎಲ್ಲ ಸೆಟೆದು ಅಂಗಡಿಯ ಗಾದಿ ಹತ್ತಲಾಗದೆ, ಕೆಳಗೆ ಸೀರೆಯ ಗಂಟುಗಳ ನಡುವೆ ಕುಂಟುತ್ತ ಓಡಾಡುತ್ತಿದ್ದೆ. ಅಂದು ಶಾಲೆಗೆ ರಜೆ, ನಿಧಿ ನನ್ನ ಜೊತೆಗೇ ಇದ್ದಳು. ಸೀರೆ ನೋಡಲು ಬಂದ ಒಬ್ಬ ಹೆಂಗಸು "ಯಾಕ್ರಿ ಸಾವ್ಕಾರ್ರೆ, ಕುಂಟ್ತೀರಿ?" ಎಂದು ಕನಿಕರದಿಂದ ಕೇಳಿದರು. ನಾನು ಏನೋ ಗಂಭೀರವಾದ ಕಾರಣ ಹುಡುಕುತ್ತಿರುವಾಗ ನನ್ನ ಮಗಳು ಕಾಲೆಳೆಯುತ್ತ ಬಂದು ನಮ್ಮಿಬ್ಬರ ನಡುವೆ ನಿಂತಳು.

"ಏನೂ ಆಗಿಲ್ಲ ಆಂಟಿ. ನಮ್ಮಪ್ಪನಿಗೆ ಅಭ್ಯಾಸ ಇಲ್ಲ, ಅಷ್ಟೆ. ದಿನಾ ಮಾಡಿದ್ರೆ ಸರಿ ಹೋಗುತ್ತೆ."

ಆಮೇಲೆ ನನ್ನನ್ನು ಸೀರೆಯ ಗಂಟಿಗೆ ಒರಗಿಸಿ ಕೂರಿಸಿ, ಎದುರಿಗೆ ತಾನೂ ಕೂತು, "ಕಾಲು ಚಾಚು" ಅಂದಳು. ಗಿರಾಕಿಯ ಎದುರಿಗೇ ಚಾಚಿದೆ.